ಟ್ರಕ್ ಎತ್ತರ, ಟ್ರೈಲರ್ ತಗ್ಗು: ಟೇಪು ಹಿಡಿದು ಅಳೆಯಿರಿ

ಡಾಲಸ್ಸಿಗೆ ಬಂದು ಎಂಟು ತಿಂಗಳಾಯಿತು, ಹೆಂಡತಿ ಟ್ರಾವೆಲ್ ನರ್ಸ್, 13 ವಾರಕ್ಕೊಮ್ಮೆ ಊರು ಬದಲು, ಬಾಡಿಗೆ ಮನೆ ಹುಡುಕಿ ಸಾಕಾಗಿದೆ, ಅದಕ್ಕೇ ಒಂದು ಹಳೆಯ ಫಿಫ್ತ್ ವೀಲ್ ಟ್ರೈಲರ್ (ಮೂತಿಯನ್ನು ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸಿ ಎಳೆಯುವ ಗಾಲಿಮನೆ) ಕೊಂಡು ಅದರಲ್ಲೇ ಸಂಸಾರ ಹೂಡೋಣ ಅಂತಿದ್ದೇವೆ ಎಂದು ಬರೆದಿದ್ದೀರಿ. ಹೂಡಿ, ಧಾರಾಳವಾಗಿ. ನಾವೂ ನಾಲ್ಕು ವರ್ಷ ಹಾಗೇ ಇದ್ದೆವು, ಒಗ್ಗರಣೆ ಹಾಕಿದರೆ ಮಲಗುವ ಕೋಣೆಯಲ್ಲೂ ಸೀನು ಬರುತ್ತಿತ್ತು ಅನ್ನೋದು ಬಿಟ್ಟರೆ ಆರಾಮಾಗಿತ್ತು. ನಿಮ್ಮ ಪ್ರಶ್ನೆ ಮಾತ್ರ ಬೇರೆ: ಟ್ರಕ್ ಬೆಡ್ಡಿನ (ಹಿಂದಿನ ತೆರೆದ ತೊಟ್ಟಿಯ) ಪಕ್ಕದ ಅಂಚು ಖಾಲಿ ಇದ್ದಾಗ ನೆಲದಿಂದ 58 ಇಂಚು, ಟ್ರೈಲರಿನ ಮೂತಿಯ ತಳ ನೆಲದಿಂದ 61 ಇಂಚು, ಇವೆರಡೂ ಹೊಂದುತ್ತವಾ? ಮಾರುವವನು "ಹೊಂದುತ್ತೆ" ಅಂದನಂತೆ. ಅವನಿಗೆ ಟ್ರೈಲರ್ ಮಾರಿಹೋದರೆ ಸಾಕು, ಅವನ ಮಾತು ಬಿಡಿ.

ಈಗಿನ ಫೋರ್ ಬೈ ಫೋರ್ ಟ್ರಕ್ಕುಗಳು ತುಂಬಾ ಎತ್ತರ. ಹಳೆಯ ಟ್ರೈಲರುಗಳು ತಗ್ಗು ಟ್ರಕ್ಕಿನ ಕಾಲದಲ್ಲಿ ಮಾಡಿದವು. ಜಗಳ ಶುರುವಾಗೋದೇ ಅಲ್ಲಿ. ಟ್ರೈಲರ್ ಮಟ್ಟಸವಾಗಿ ನಿಲ್ಲಬೇಕು, ಅದರ ತಳಕ್ಕೂ ಬೆಡ್ಡಿನ ಅಂಚಿಗೂ ನಡುವೆ ಆರು ಇಂಚು ಜಾಗವೂ ಉಳಿಯಬೇಕು. ಬೆಡ್ಡಿನಲ್ಲಿ ಕೂರಿಸಿದ, ಟ್ರೈಲರಿನ ಮೂತಿಯಡಿಯ ಪಿನ್ನನ್ನು ಹಿಡಿಯುವ ಕೊಂಡಿಯೇ ಹಿಚ್; ತೂತು ಬದಲಿಸಿ ಅದರ ಎತ್ತರ ಹೊಂದಿಸಬಹುದು. ಹಿಚ್ ತಗ್ಗಿಸಿದರೆ ಟ್ರೈಲರ್ ಮಟ್ಟ ಬರುತ್ತದೆ, ಜಾಗ ಹೋಗುತ್ತದೆ. ಎತ್ತಿದರೆ ಜಾಗ ಸಿಗುತ್ತದೆ, ಮೂತಿ ಮೇಲೇಳುತ್ತದೆ.

ಮೂತಿ ಎದ್ದರೆ ಏನಾಗುತ್ತದೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಾ? ಕಬ್ಬಿನ ಗಾಡಿಗೆ ಹಿಂಭಾರ ಆದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದಲ್ಲ, ಸುಮಾರು ಅದೇ ಕಥೆ. ಇಲ್ಲಿ ಪೆಟ್ಟು ತಿನ್ನೋದು ಟ್ರೈಲರಿನ ಹಿಂದಿನ ಆ್ಯಕ್ಸಲ್, ಅದರ ಟೈರು ಕಾದು ಸಿಡಿಯಬಹುದು. ಪಿನ್ನಿನಿಂದ ಚಕ್ರಕ್ಕೆ 20 ಅಡಿ, ಚಕ್ರದಿಂದ ಬಾಲಕ್ಕೆ 10 ಅಡಿ ಅಂತ ಇಟ್ಟುಕೊಳ್ಳಿ. ಮೂತಿ ನಾಲ್ಕು ಇಂಚು ಎದ್ದರೆ ಬಾಲ ಎರಡು ಇಂಚು ಇಳಿದು ರಸ್ತೆ ಉಬ್ಬಿಗೆ ಉಜ್ಜುತ್ತದೆ.

ಹಾಗಂತ ನನ್ನ ಹಾಗೆ ಮಾಡಬೇಡಿ. ಮೊದಲ ವರ್ಷ ಮಟ್ಟದ ಹುಚ್ಚಿನಲ್ಲಿ ಹಿಚ್ ಪೂರ್ತಿ ಕೆಳಗಿಳಿಸಿ, ರಸಮಟ್ಟ ಇಟ್ಟು, ಗುಳ್ಳೆ ನಟ್ಟನಡುವೆ ನಿಂತಿದ್ದು ನೋಡಿ ಖುಷಿಪಟ್ಟಿದ್ದೆ. ಜಾಗ ಉಳಿದದ್ದು ನಾಲ್ಕೇ ಇಂಚು. ಪೆಟ್ರೋಲ್ ಬಂಕಿನಿಂದ ಓರೆಯಾಗಿ ರಸ್ತೆಗೆ ಇಳಿಸಿದೆ, ಎಡಗಡೆಯ ಹಿಂದಿನ ಚಕ್ರ ಚರಂಡಿ ತಗ್ಗಿಗೆ ಬಿತ್ತು, ಬಲಗಡೆ ಅಂಚು ಮೇಲೆದ್ದು ಟ್ರೈಲರಿನ ತಳಕ್ಕೆ "ಕರ್ರ್" ಅಂತ ಕಚ್ಚಿಕೊಂಡಿತು. ತಗಡು ಡಬ್ಬಿ ತುಳಿದಂಥ ಸದ್ದು. ಹೆಂಡತಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು. ಅಂಚಿನ ತಗ್ಗು ಇವತ್ತಿಗೂ ಹಾಗೇ ಇದೆ.

ಈಗ ನಿಮ್ಮ ಲೆಕ್ಕ. ಪಿನ್ನಿನ ಭಾರ ಬಿದ್ದಾಗ ಟ್ರಕ್ ಕುಸಿಯುತ್ತದೆ, ಎರಡು ಇಂಚು ಹಿಡಿಯೋಣ. 58 ಹೋಗಿ 56 ಆಯಿತು. ಟ್ರೈಲರ್ ಮಟ್ಟವಾಗಿ ನಿಂತಾಗ 61, ಅಂದರೆ ಐದು ಇಂಚು ಜಾಗ. ಬೇಕಾದ ಆರಕ್ಕೆ ಒಂದು ಇಂಚು ಕಮ್ಮಿ. ಹಿಚ್ಚನ್ನು ಒಂದು ತೂತು ಮೇಲಕ್ಕೆ ಹಾಕಿ, ಇಲ್ಲವೇ ಟ್ರೈಲರಿನ ಪಿನ್ ಬಾಕ್ಸನ್ನು (ಪಿನ್ ಕೂತಿರುವ ಪೆಟ್ಟಿಗೆಯನ್ನು) ಒಂದು ತೂತು ಕೆಳಕ್ಕೆ. ಮೂತಿ ಒಂದು, ಒಂದೂವರೆ ಇಂಚು ಎದ್ದರೆ ನಾನು ಚಿಂತೆ ಮಾಡಲ್ಲ. ಮೂರಕ್ಕೆ ಹೋದರೆ ಮಾತ್ರ ಟ್ರೈಲರನ್ನೇ ಎತ್ತಿಸಬೇಕು: ಆ್ಯಕ್ಸಲ್ ಈಗ ಸ್ಪ್ರಿಂಗಿನ ಮೇಲಿದ್ದರೆ ಅದನ್ನು ಕೆಳಗೆ ಮಾಡಿ ಕೂರಿಸುತ್ತಾರೆ. ಟಾರ್ಶನ್ ಆ್ಯಕ್ಸಲ್ (ಪಟ್ಟಿ ಸ್ಪ್ರಿಂಗ್ ಇಲ್ಲದೆ ಒಳಗಿನ ರಬ್ಬರಿನಿಂದಲೇ ಕುಲುಕು ತಡೆಯುವಂಥದ್ದು) ಆದರೆ ಅದು ಆಗಲ್ಲ, ಕೊಳ್ಳುವ ಮುಂಚೆಯೇ ಬಗ್ಗಿ ನೋಡಿ. ಎತ್ತಿಸಿದ ಮೇಲೆ ಮೇಲಿನ ಏಸಿ ಸೇರಿಸಿ ಒಟ್ಟು ಎತ್ತರ ಮತ್ತೆ ಅಳೆಯಿರಿ. ಟೆಕ್ಸಾಸಿನಲ್ಲಿ 14 ಅಡಿ ಬಿಡುತ್ತಾರೆ, ಬಹಳ ರಾಜ್ಯಗಳಲ್ಲಿ 13 ಅಡಿ 6 ಇಂಚೇ ಮಿತಿ, ನಿಮ್ಮ ಹೆಂಡತಿಯ ಕೆಲಸ ಎಲ್ಲಿ ಬೀಳುತ್ತದೋ ಏನೋ.

ಜಾಗ ಅಳೆಯುವಾಗ ಟೇಲ್‌ಗೇಟ್ (ಬೆಡ್ಡಿನ ಹಿಂಬಾಗಿಲು) ಕಡೆಯ ಎರಡು ಮೂಲೆಯಲ್ಲಿ ಅಳೆಯಿರಿ, ಮೊದಲು ತಾಗೋದು ಅಲ್ಲೇ.

ಎತ್ತರ ಹೊಂದಿದರೂ ಭಾರ ಹೊಂದದೆ ಇರಬಹುದು. ತುಂಬಿದ ಟ್ರೈಲರ್ 12,000 ಪೌಂಡ್ ಅಂದಿರಿ. ಸುಮಾರು ಐದನೇ ಒಂದು ಪಾಲು ಪಿನ್ ಮೇಲೆ ಕೂರುತ್ತದೆ, ಅಂದರೆ 2,400. ಅದರ ಮೇಲೆ ಹಿಚ್, ನೀವಿಬ್ಬರು, ಅಕ್ಕಿ ಮೂಟೆ. ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಹಳದಿ ಚೀಟಿ ಇರುತ್ತದೆ, ಪೇಲೋಡ್, ಅಂದರೆ ಟ್ರಕ್ ಹೊರಬಹುದಾದ ಭಾರ, ಎಷ್ಟು ಅಂತ ಬರೆದಿರುತ್ತದೆ. ಡೀಸೆಲ್ 250 (ಮುಕ್ಕಾಲು ಟನ್ ದರ್ಜೆಯ) ಟ್ರಕ್ ಎಳೆಯೋದರಲ್ಲಿ ಗಟ್ಟಿ, ಆದರೆ ಇಂಜಿನ್ನೇ ಭಾರವಾದ್ದರಿಂದ ಹೊರೋದರಲ್ಲಿ ಎಷ್ಟೋ ಸಲ ಕೈಕೊಡುತ್ತದೆ. ಆ ಚೀಟಿಯ ಫೋಟೋ ಕಳಿಸಿ.

ಮತ್ತೆ, ಆ 61 ಇಂಚು ಯಾರು ಅಳೆದದ್ದು, ನೀವಾ, ಮಾರುವವನಾ? ಹಳೇ ಟ್ರೈಲರ್ ಅಂಗಳದಲ್ಲೇ ನಿಂತಿದ್ದರೆ ಟೈರಿನಲ್ಲಿ ಗಾಳಿ ಇರೋದು ಅನುಮಾನ. ಗಾಳಿ ಹೊಡೆಸಿ, ಸಿಮೆಂಟ್ ನೆಲದ ಮೇಲೆ ಮಟ್ಟಕ್ಕೆ ನಿಲ್ಲಿಸಿ, ಇನ್ನೊಂದು ಸಲ ಟೇಪು ಹಿಡಿಯಿರಿ. ಆಮೇಲೆ ದುಡ್ಡಿನ ಮಾತು.