ಅರ್ಧ ಸಾಲು ಬಂದರೆ ಆಂಟೆನಾವನ್ನು ದೂರಬೇಡಿ

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಅಡಿಕೆ ತೋಟ. ಮಣ್ಣಿನ ತೇವ ನೋಡಲು ನಾಲ್ಕು ಕಡೆ ಸೆನ್ಸರ್ ಇಟ್ಟು, ಒಂದೊಂದಕ್ಕೂ ಇ32 ಲೋರಾ (ದೂರಕ್ಕೆ ಅಂಕಿ ಕಳಿಸುವ ರೇಡಿಯೋ) ಮಾಡ್ಯೂಲ್ ಹಾಕಿದ್ದೇನೆ. ಪಂಪ್‌ಹೌಸಿನಲ್ಲಿ ಇನ್ನೊಂದು ಮಾಡ್ಯೂಲನ್ನು ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಸೀರಿಯಲ್ (ತಂತಿಯಲ್ಲಿ ಒಂದಾದ ಮೇಲೊಂದು ಬಿಟ್ ಸಾಗಿಸುವ ವಿಧಾನ) ಮೂಲಕ ಜೋಡಿಸಿದ್ದೇನೆ. ಬಂದ ಅಂಕಿಗಳನ್ನು ಅದು ಎಲ್‌ಸಿಡಿಯಲ್ಲಿ ಎರಡೆರಡು ಸೆಕೆಂಡು ತೋರಿಸುತ್ತದೆ. ಆದರೆ ಎಷ್ಟೋ ಸಾಲುಗಳು ಅರ್ಧಕ್ಕೇ ತುಂಡಾಗುತ್ತವೆ, ಕೆಲವು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಮೋಟಾರ್ ಓಡುವಾಗಂತೂ ಇನ್ನೂ ಜಾಸ್ತಿ. ಆಂಟೆನಾ ಬದಲಿಸಿದೆ, ಕಂಬ ಎತ್ತರಿಸಿದೆ, ಏನೂ ಸುಧಾರಿಸಲಿಲ್ಲ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಪತ್ರದಲ್ಲಿ ಬಹಳ ಮುಖ್ಯವಾದ ಮಾತು 'ಅರ್ಧಕ್ಕೇ ತುಂಡಾಗುತ್ತವೆ' ಎಂಬುದು. ಲೋರಾ ರೇಡಿಯೋದಲ್ಲಿ ಕೆಟ್ಟ ಪ್ಯಾಕೆಟ್ಟನ್ನು ಸಾಮಾನ್ಯವಾಗಿ ಇಡಿಯಾಗಿಯೇ ಬಿಸಾಡುತ್ತಾರೆ. ಹಾಗಾಗಿ ಗಾಳಿಯಲ್ಲಿ ಕಳೆದರೆ ಸಾಲಿಗೆ ಸಾಲೇ ಕಾಣೆಯಾಗಬೇಕು. ಅರ್ಧ ಬಂತು, ಅದಕ್ಕೆ ಮುಂದಿನ ಸಾಲು ಅಂಟಿತು ಎಂದರೆ ಮಾಡ್ಯೂಲ್ ಮತ್ತು ಊನೋ ನಡುವಿನ ಆ ನಾಲ್ಕು ಬೆರಳು ತಂತಿಯ ಕಡೆ ನೋಡಬೇಕು. ಒಂದು ವಿನಾಯಿತಿ ಇದೆ: ಇ32 ಒಂದು ಸಲಕ್ಕೆ 58 ಬೈಟ್, ಅಂದರೆ ಸುಮಾರಾಗಿ 58 ಅಕ್ಷರ, ಕಳಿಸುತ್ತದೆ. ಸಾಲು ಅದಕ್ಕಿಂತ ಉದ್ದವಿದ್ದರೆ ಎರಡು ತುಂಡಾಗಿ ಹೋಗುತ್ತದೆ, ಒಂದು ತುಂಡು ದಾರಿಯಲ್ಲೇ ಉಳಿದುಬಿಡಬಹುದು. ಆದ್ದರಿಂದ ಮೊದಲು ನಿಮ್ಮ ಸಾಲನ್ನು 58 ಬೈಟ್ ಒಳಗೆ ತನ್ನಿ.

ಈಗ ಊನೋ ಒಳಗಿನ ಲೆಕ್ಕ. ಬೋರಿನ ನೀರು ಬಂದು ಬೀಳುವ ತೊಟ್ಟಿಯಂತೆ ಸೀರಿಯಲ್‌ಗೂ ಒಂದು ಬಫರ್ ಇದೆ. ಅದು ಬಹಳ ಸಣ್ಣದು, ಬರೀ 64 ಬೈಟ್. 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ, ಒಂದು ಬೈಟಿಗೆ ಆರಂಭ-ಕೊನೆಯ ಗುರುತು ಸೇರಿ 10 ಬಿಟ್‌ನಂತೆ, ಸೆಕೆಂಡಿಗೆ 960 ಬೈಟ್ ಬರಬಹುದು. ಅಂದರೆ ಸತತವಾಗಿ ಬಂದರೆ ಸುಮಾರು 67 ಮಿಲಿಸೆಕೆಂಡಿನಲ್ಲಿ ತೊಟ್ಟಿ ಭರ್ತಿ. ನಿಮ್ಮ ಪ್ರೋಗ್ರಾಮ್ ಎಲ್‌ಸಿಡಿಗೆಂದು ಎರಡು ಸೆಕೆಂಡು ಡಿಲೇ ಹಾಕಿ ಕೂತಿರುತ್ತದೆ. ಸಾಲೊಂದಕ್ಕೆ 40 ಬೈಟ್ ಇದ್ದರೂ ಸಾಕು, ಆ ಹೊತ್ತಿನಲ್ಲಿ ಎರಡು ಸಾಲು ಬಂದರೆ ಎರಡನೆಯದರ ನಡುವಿನಲ್ಲೇ ಜಾಗ ಮುಗಿಯುತ್ತದೆ. ಆಮೇಲೆ ಬಂದ ಅಕ್ಷರಗಳನ್ನು ಊನೋ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎಚ್ಚರಿಕೆಯಿಲ್ಲ, ದೂರಿಲ್ಲ. ಡಿಲೇ ಮುಗಿದು ಬಫರ್ ಖಾಲಿಯಾದಾಗ ಮುಂದಿನ ಸಾಲು ಬಂದು ಆ ಮೊಂಡು ಸಾಲಿಗೆ ಅಂಟಿಕೊಳ್ಳುತ್ತದೆ. ನೀವು ನೋಡುತ್ತಿರುವುದು ಇದನ್ನೇ ಎಂದು ನನ್ನ ಅಂದಾಜು.

ಹಾಗಾಗಿ ಡಿಲೇ ತೆಗೆದುಹಾಕಿ. ಮಿಲ್ಲಿಸ್ (ಬೋರ್ಡ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತೆಂದು ಹೇಳುವ ಆದೇಶ) ಬಳಸಿ ಸಮಯ ನೋಡಿಕೊಳ್ಳಿ, ಲೂಪಿನ ಪ್ರತಿ ಸುತ್ತಿನಲ್ಲೂ ಬಂದಷ್ಟು ಅಕ್ಷರ ಓದಿ ಪಕ್ಕಕ್ಕಿಡಿ, ಸಾಲಿನ ಕೊನೆ ಸಿಕ್ಕಾಗ ಮಾತ್ರ ಅರ್ಥ ಮಾಡಿಕೊಳ್ಳಿ. ಬಫರನ್ನು 256ಕ್ಕೆ ಹಿಗ್ಗಿಸಲೂ ಬರುತ್ತದೆ, ಆದರೆ ಊನೋದಲ್ಲಿರುವ ರ‍್ಯಾಮ್ ಒಟ್ಟು 2 ಕೆಬಿ. ತೊಟ್ಟಿ ದೊಡ್ಡದು ಮಾಡುವುದಕ್ಕಿಂತ ಹೊತ್ತಿಗೆ ಸರಿಯಾಗಿ ನೀರು ಎತ್ತುವುದೇ ವಾಸಿ. ವೇಗವನ್ನು 115200ಕ್ಕೆ ಏರಿಸುವ ಆಲೋಚನೆ ಬಂದರೆ ಬಿಟ್ಟುಬಿಡಿ. ತೊಟ್ಟಿ ಹನ್ನೆರಡು ಪಟ್ಟು ಬೇಗ ತುಂಬುತ್ತದೆ, ಸಾಲದ್ದಕ್ಕೆ ಊನೋದ 16 ಮೆಗಾಹರ್ಟ್ಸ್ ಗಡಿಯಾರಕ್ಕೆ ಆ ವೇಗ ಕರಾರುವಾಕ್ಕಾಗಿ ಹೊಂದುವುದೂ ಇಲ್ಲ.

ಸಾಫ್ಟ್‌ವೇರ್ ಸೀರಿಯಲ್ (ಸಾಮಾನ್ಯ ಪಿನ್ನುಗಳಲ್ಲಿ ಪ್ರೋಗ್ರಾಮೇ ಸೀರಿಯಲ್ ಕೆಲಸ ಮಾಡುವ ವಿಧಾನ) ಬಳಸುತ್ತಿದ್ದರೆ ಮಾಡ್ಯೂಲನ್ನು ಊನೋದ ನಿಜವಾದ ಸೀರಿಯಲ್ ಪೋರ್ಟ್ ಇರುವ 0 ಮತ್ತು 1ನೇ ಪಿನ್ನಿಗೆ ಬದಲಿಸಿ. ಪ್ರೋಗ್ರಾಮ್ ಹಾಕುವಾಗ ಮಾತ್ರ ತಂತಿ ಬಿಚ್ಚಬೇಕು. ಇದು ಕಿರಿಕಿರಿ ಅನ್ನಿಸಿದರೆ ನಾಲ್ಕು ಸೀರಿಯಲ್ ಪೋರ್ಟ್ ಇರುವ ಮೆಗಾ ಬೋರ್ಡ್ ಕೊಳ್ಳಿ.

ಕಳಿಸುವ ತುದಿಯಲ್ಲೂ ಒಂದು ಮಾತು. ಇ32ಗೆ ಸೀರಿಯಲ್ಲಿನಲ್ಲಿ 9600ರಂತೆ ಸುರಿಯುತ್ತೀರಿ, ಆದರೆ ಕಾರ್ಖಾನೆಯಿಂದ ಬಂದ ಹೊಂದಿಕೆಯಲ್ಲಿ ಅದು ಗಾಳಿಗೆ ಬಿಡುವುದು ಸೆಕೆಂಡಿಗೆ 2.4 ಕಿಲೋಬಿಟ್ ಮಾತ್ರ. ಆಕ್ಸ್ ಎಂಬ ಪಿನ್ ಲೋ ಇದ್ದರೆ ಅದಕ್ಕೆ ಬಿಡುವಿಲ್ಲ ಎಂದರ್ಥ. ಅದು ಹೈ ಆಗುವವರೆಗೆ ಕಾಯಿರಿ. ಬಹಳ ಜನ ಈ ಪಿನ್ನನ್ನು ಜೋಡಿಸುವುದೇ ಇಲ್ಲ.

ಮೋಟಾರಿನದು ಬೇರೆಯೇ ಕಥೆ. ನೀರು ಬಿಡುವ ಹೊತ್ತಿನಲ್ಲೇ ನಿಮಗೆ ತೇವದ ಲೆಕ್ಕ ಬೇಕು, ಅದೇ ಹೊತ್ತಿಗೆ ಅದು ಕೈಕೊಡುತ್ತದೆ. ಆದ್ದರಿಂದ ಇದನ್ನು ಅಲಕ್ಷ್ಯ ಮಾಡಬೇಡಿ. ಸ್ಟಾರ್ಟರ್ ಬಡಿದಾಗ ವೋಲ್ಟೇಜ್ ಕುಸಿಯುತ್ತದೆ, ಮೋಟಾರಿನ ಕೇಬಲ್ಲಿನ ಗದ್ದಲ ಪಕ್ಕದ ಸಣ್ಣ ತಂತಿಗೆ ಹತ್ತುತ್ತದೆ. ತುಂಡಾಗುವ ಬದಲು ಅರ್ಥವಿಲ್ಲದ ಅಕ್ಷರಗಳು ಬಂದರೆ ಇದೇ ಕಾರಣವೆಂದು ಶಂಕಿಸಿ. ಬೋರ್ಡನ್ನು ಸ್ಟಾರ್ಟರ್ ಡಬ್ಬಿಯಿಂದ ದೂರದ ಗೋಡೆಗೆ ಹಾಕಿ, ಮಾಡ್ಯೂಲಿನ ಪವರ್ ಪಿನ್ನುಗಳಿಗೆ ಒತ್ತಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆಯಿರಿ, ಬೋರ್ಡ್, ಮಾಡ್ಯೂಲ್ ಎರಡರ ಗ್ರೌಂಡ್ ಒಂದೇ ಇರಲಿ. ಬೋರ್ಡ್ ಮತ್ತು ಮಾಡ್ಯೂಲ್ ನಡುವೆ ಕೆಲವು ಮೀಟರ್ ಅಂತರ ಬೇಕೇ ಬೇಕೆಂದರೆ ಬರೀ ತಂತಿ ಎಳೆಯಬೇಡಿ, ಹೆಣೆದ ಜೋಡಿ ತಂತಿಯಲ್ಲಿ ಆರ್‌ಎಸ್-485 (ದೂರಕ್ಕೂ ಗದ್ದಲಕ್ಕೂ ತಾಳುವ ಸೀರಿಯಲ್ ಪದ್ಧತಿ) ಬಳಸಿ.

ಇಷ್ಟಕ್ಕೆ ಕೈ ಹಾಕುವ ಮೊದಲೇ ಪ್ರತಿ ಸಾಲಿಗೆ ಸೆನ್ಸರಿನ ಗುರುತು, ಒಂದು ಕ್ರಮಸಂಖ್ಯೆ ಮತ್ತು ಚೆಕ್‌ಸಮ್ (ಸಾಲು ಸರಿಯಾಗಿ ಬಂತೇ ಎಂದು ತಾಳೆ ನೋಡುವ ಅಂಕಿ) ಸೇರಿಸಿ. ನಂತರ ಎಲ್ಲವನ್ನೂ ಮನೆಗೆ ತಂದು, ಒಂದೆರಡು ಮೀಟರ್ ಅಂತರದಲ್ಲಿಟ್ಟು ಒಂದು ಗಂಟೆ ಓಡಿಸಿ. ಅಲ್ಲೂ ಸಾಲು ತುಂಡಾದರೆ ತೋಟಕ್ಕೂ ಮರಗಳಿಗೂ ಸಂಬಂಧವಿಲ್ಲ. ಮನೆಯಲ್ಲಿ ಸರಿಯಿದ್ದು, ತೋಟದಲ್ಲಿ ಮಾತ್ರ ಕ್ರಮಸಂಖ್ಯೆಗಳು ಇಡಿಯಾಗಿ ತಪ್ಪುತ್ತಿದ್ದರೆ, ನಾಲ್ಕೂ ಸೆನ್ಸರ್ ಒಂದೇ ಗಳಿಗೆಗೆ ಕಳಿಸುತ್ತಿಲ್ಲವೇ ನೋಡಿ. ಅದೂ ಅಲ್ಲವೆಂದಾದರೆ ಆಗ ಆಂಟೆನಾವನ್ನು ಅಡಿಕೆ ಗರಿಗಳಿಗಿಂತ ಮೇಲಕ್ಕೆ ಏರಿಸಿ.