ಮಾರ್ಚ್ 3ರ ಸಿನಿಮಾ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ಮಾರ್ಚ್ 3 ಕನ್ನಡ ಸಿನಿಮಾ ಹುಟ್ಟಿದ ದಿನ ಅಂತ ಆಚರಿಸುತ್ತಾರೆ. ಈ ಸಲ ಅವತ್ತು ನಮ್ಮ ಏಳನೇ ಕ್ಲಾಸಿನ ಮಕ್ಕಳಿಗೆ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತೋರಿಸೋಣ ಅಂತಿದ್ದೇನೆ. ಯೂಟ್ಯೂಬಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಎಲ್ಲಿ ಸಿಗಬಹುದು?
– ಶಿಕ್ಷಕಿ, ತಿಪಟೂರು

ಉತ್ತರ: ಎಲ್ಲೂ ಸಿಗುವುದಿಲ್ಲ, ಟೀಚರ್. ನೀವು ಹುಡುಕಿದ್ದರಲ್ಲಿ ತಪ್ಪೇನಿಲ್ಲ. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಇದನ್ನು ಬರೆಯುವಾಗ ನನಗೆ ಪ್ರತಿ ಸಲವೂ ಸಂಕಟ ಆಗುತ್ತದೆ. ನಾವು ಹುಟ್ಟುಹಬ್ಬ ಮಾಡುತ್ತೇವೆ, ಆದರೆ ಆ ಕೂಸನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.

ಗೊತ್ತಿರುವುದನ್ನು ಹೇಳುತ್ತೇನೆ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ ಚಿತ್ರ ತೆರೆ ಕಂಡಿತು. ದುಡ್ಡು ಹಾಕಿದವರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ವೈ.ವಿ. ರಾವ್, ಮಾತು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿ. ಶೂಟಿಂಗ್ ನಡೆದದ್ದು ಕೊಲ್ಹಾಪುರದಲ್ಲಿ. ಕಥೆ ರಾವಣನ ಸೊಸೆಯದು. ಗಂಡ ಇಂದ್ರಜಿತು ಯುದ್ಧದಲ್ಲಿ ಸತ್ತ ಮೇಲೆ ಸುಲೋಚನ ಪಡುವ ಪಾಡು. ಸುಲೋಚನ ಆದವರು ತ್ರಿಪುರಾಂಬ, ಇಂದ್ರಜಿತು ಸುಬ್ಬಯ್ಯ ನಾಯ್ಡು, ರಾವಣ ಆರ್. ನಾಗೇಂದ್ರರಾವ್.

ಈ ನಷ್ಟ ನಮ್ಮೊಬ್ಬರದಲ್ಲ. 1931ರ ಮಾರ್ಚ್ 14ರಂದು ಮುಂಬೈಯಲ್ಲಿ ಬಂದ ‘ಆಲಂ ಆರಾ’, ಭಾರತದ ಮೊದಲ ಮಾತಿನ ಚಿತ್ರ, ಅದೂ ಇಲ್ಲ. ಆ ಕಾಲದ ರೀಲು ನೈಟ್ರೇಟಿನದು, ಬೇಗ ಬೆಂಕಿ ಹತ್ತುತ್ತಿತ್ತು. ಸುಮ್ನೆ ಡಬ್ಬದಲ್ಲಿಟ್ಟರೂ ಅಂಟಂಟಾಗಿ ಕೆಡುತ್ತಿತ್ತು. ಓಡಿ ಸವೆದ ರೀಲನ್ನು ಅದರಲ್ಲಿದ್ದ ಬೆಳ್ಳಿಗಾಗಿ ಮಾರಿದ್ದೂ ಉಂಟು. ಚಿತ್ರಗಳನ್ನು ಕಾಪಾಡಲು ಅಂತ ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಶುರುವಾದದ್ದೇ 1964ರಲ್ಲಿ. ‘ಸತಿ ಸುಲೋಚನ’ ಬಂದು ಆಗಲೇ 30 ವರ್ಷ ಆಗಿಹೋಗಿತ್ತು.

ನಮ್ಮ ಅಪ್ಪ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ರೀಲು ತುಂಡಾದರೆ ಎರಡೂ ತುದಿಯನ್ನು ಬ್ಲೇಡಿನಲ್ಲಿ ಕೆರೆದು, ಸಿಮೆಂಟ್ ಅಂತ ಕರೆಯುತ್ತಿದ್ದ ಅಂಟು ಹಚ್ಚಿ, ಹೆಬ್ಬೆರಳಲ್ಲಿ ಒತ್ತಿ ಹಿಡಿಯುತ್ತಿದ್ದರು. ಕತ್ತರಿಸಿ ಉಳಿದ ತುಂಡು ಜೇಬಿನಲ್ಲಿ ನನಗಾಗಿ ಬರುತ್ತಿತ್ತು. ಕಿಟಕಿಗೆ ಹಿಡಿದು ನೋಡುತ್ತಿದ್ದೆ. ಬೆರಳುದ್ದದ ತುಂಡಿನಲ್ಲಿ ನಾಲ್ಕು ಚಿತ್ರ, ನಾಲ್ಕರಲ್ಲೂ ಅದೇ ಮುಖ, ಕಣ್ಣು ಮಾತ್ರ ಒಂಚೂರು ಮುಚ್ಚಿಕೊಳ್ಳುತ್ತಾ ಬಂದಿರುತ್ತಿತ್ತು. ಅಂಥ 24 ಚಿತ್ರ ಸೇರಿದರೆ ಒಂದು ಸೆಕೆಂಡು. ‘ಸತಿ ಸುಲೋಚನ’ದ್ದು ಅಂಥ ಒಂದು ಬೆರಳುದ್ದದ ತುಂಡು ಸಿಕ್ಕರೂ ಸಾಕು ಅಂತ ಈಗಲೂ ಆಸೆಪಡುತ್ತೇನೆ.

ಮಕ್ಕಳಿಗೆ ಏನು ತೋರಿಸುವುದು ಅಂತೀರಾ? 1968ರ ‘ಹಣ್ಣೆಲೆ ಚಿಗುರಿದಾಗ’ ಹಾಕಿ. ಅದರಲ್ಲಿ ಮನೆಯ ಯಜಮಾನನಾಗಿ ಬರುವ ಮುದುಕರನ್ನು ತೋರಿಸಿ, ‘ಇವರೇ ಕಣ್ರೋ ನಮ್ಮ ಸಿನಿಮಾದ ಮೊದಲ ರಾವಣ’ ಅನ್ನಿ. ಅವರೇ ಆರ್. ನಾಗೇಂದ್ರರಾವ್. ಇನ್ನೊಂದು ಹೇಳಿ: ಟಿವಿಯಲ್ಲಿ ನೋಡುವ ಸೃಜನ್ ಲೋಕೇಶ್ ಇದ್ದಾರಲ್ಲ, ಅವರ ಅಜ್ಜನೇ ಆ ಇಂದ್ರಜಿತು, ಸುಬ್ಬಯ್ಯ ನಾಯ್ಡು. ನಿರ್ದೇಶಕ ವೈ.ವಿ. ರಾವ್ ಅವರ ಮಗಳು ನಟಿ ಲಕ್ಷ್ಮಿ. ಮಕ್ಕಳಿಗೆ 1934 ಅನ್ನುವುದು ಅಷ್ಟೇನೂ ದೂರ ಅನ್ನಿಸುವುದಿಲ್ಲ ಆಗ.

ಪ್ರಶ್ನೆ: ನಿಜವಾಗಿ ಮೊದಲ ಚಿತ್ರ ‘ಭಕ್ತ ಧ್ರುವ’ ಅಂತ ನಮ್ಮ ಮಾವ ವಾದ ಮಾಡುತ್ತಾರೆ. ಯಾರದು ಸರಿ?
– ಓದುಗರು, ಹೊಸಪೇಟೆ

ಉತ್ತರ: ನಿಮ್ಮ ಮಾವ ಹೇಳುವುದರಲ್ಲೂ ಹುರುಳಿದೆ. ಕೆಲಸ ಮೊದಲು ಶುರುವಾದದ್ದು ‘ಭಕ್ತ ಧ್ರುವ’ದ್ದೇ. ಆದರೆ ಅದೇ ವರ್ಷ, 1934ರಲ್ಲಿ, ಅದು ‘ಸತಿ ಸುಲೋಚನ’ದ ಹಿಂದೆ ಬಂತು. ಜನ ದುಡ್ಡು ಕೊಟ್ಟು ಕೂತು ನೋಡಿದ ದಿನವನ್ನೇ ಹುಟ್ಟಿದ ದಿನ ಅಂತ ಲೆಕ್ಕ ಹಿಡಿದಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಪ್ರಶ್ನೆ: ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಹಳೇ ಸಿನಿಮಾ ಪದ್ಯಾವಳಿಗಳು, ಅಂದರೆ ಹಾಡಿನ ಪುಸ್ತಕಗಳು, ಸಿಕ್ಕಿವೆ. ಹಾಳೆ ಪುಡಿಪುಡಿ ಆಗುತ್ತಿದೆ. ಲ್ಯಾಮಿನೇಷನ್ ಮಾಡಿಸಲಾ?
– ಓದುಗರು, ಸಾಗರ

ಉತ್ತರ: ದಯವಿಟ್ಟು ಬೇಡಮ್ಮ. ಬಿಸಿ ಪ್ಲಾಸ್ಟಿಕ್ಕಿನೊಳಗೆ ಒಮ್ಮೆ ಸೇರಿದ ಕಾಗದವನ್ನು ಮತ್ತೆ ಬಿಡಿಸಲು ಬರುವುದಿಲ್ಲ. ನಡುವಿನ ಪಿನ್ನು ತುಕ್ಕು ಹಿಡಿದಿದ್ದರೆ ಎಳೆಯಬೇಡಿ, ಹಿಂದಿನಿಂದ ಅದರ ಕಾಲು ನೆಟ್ಟಗೆ ಮಾಡಿ ಮೆತ್ತಗೆ ತೆಗೆಯಿರಿ. ಒಂದೊಂದು ಪುಟವನ್ನೂ ಹಗಲು ಬೆಳಕಿನಲ್ಲಿ, ನೆರಳಲ್ಲಿಟ್ಟು ಫೋಟೋ ತೆಗೆಯಿರಿ. ಹಿಂದಿನ ರಟ್ಟಿನ ಜಾಹೀರಾತನ್ನೂ ಬಿಡಬೇಡಿ. ಆಮೇಲೆ ಬಿಳಿ ಹಾಳೆಗಳ ನಡುವೆ ಚಪ್ಪಟೆಯಾಗಿಟ್ಟು, ತೇವ ಇಲ್ಲದ ಕಡೆ ಎತ್ತಿಡಿ. ನಿಮ್ಮದು ಮಲೆನಾಡು, ಮಳೆಗಾಲದಲ್ಲಿ ಜಾಸ್ತಿ ಎಚ್ಚರ ಬೇಕು.

ಪದ್ಯಾವಳಿ ಎಂದರೆ ಬರೀ ಹಾಡಲ್ಲ. ನಟರ ಹೆಸರು, ಕೆಲಸಗಾರರ ಹೆಸರು, ಕಥಾಸಾರ ಎಲ್ಲ ಅದರಲ್ಲಿರುತ್ತದೆ. ನನ್ನ ಹತ್ತಿರ ಇರುವ ಒಂದರಲ್ಲಿ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಕೊನೆಗೆ ‘ಮುಂದಿನ ಕಥೆಯನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಅಂತ ಅಚ್ಚಾಗಿದೆ. ಆ ಚಿತ್ರವನ್ನು ನಾನು ಎಲ್ಲೂ ನೋಡಲಾಗಿಲ್ಲ. ಮುಂದೇನಾಯಿತು ಅಂತ ಹೇಳುವವರೂ ಯಾರೂ ಇಲ್ಲ.

2034ಕ್ಕೆ ಕನ್ನಡ ಮಾತಿನ ಚಿತ್ರಕ್ಕೆ ನೂರು ತುಂಬುತ್ತದೆ. ಅಷ್ಟರೊಳಗೆ ನಿಮ್ಮ ಅಜ್ಜಿಯದಂಥ ಟ್ರಂಕುಗಳು ಎಷ್ಟಾಗುತ್ತೋ ಅಷ್ಟು ತೆರೆಯಬೇಕು. ನಿಮ್ಮಲ್ಲಿರುವ ಪದ್ಯಾವಳಿಗಳ ಹೆಸರು, ಇಸವಿ ಪಟ್ಟಿ ಮಾಡಿ ನನಗೆ ಬರೆಯುತ್ತೀರಾ? ಅಜ್ಜಿ ಅವನ್ನು ಯಾವ ಊರಿನ ಟೆಂಟ್ ಸಿನಿಮಾದಲ್ಲಿ ಕೊಂಡರು ಅಂತ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಅದನ್ನೂ ಸೇರಿಸಿ. ಪುಸ್ತಕದ ಮೇಲೆ ಮಾತ್ರ ಪೆನ್ನಿನಲ್ಲಿ ಬರೆಯಬೇಡಿ.