ಭಾಗವತರ ಮುಂಡಾಸು ಹೋಗದಂತೆ ವಿಡಿಯೊ ಕ್ಲಿಪ್ ಕೂರಿಸುವುದು ಹೇಗೆ?

ಪ್ರಶ್ನೆ: ಮಾಟುಂಗದಲ್ಲಿ ನಮ್ಮ ಬಳಗದವರು ಆಡಿದ ಯಕ್ಷಗಾನವನ್ನು ಎರಡು ಫೋನಲ್ಲಿ ತೆಗೆದಿದ್ದೇವೆ. ಹಿಂದೆ ಟ್ರೈಪಾಡ್ ಮೇಲಿದ್ದ ಫೋನ್ ಇಡೀ ರಂಗವನ್ನು ಅಡ್ಡಕ್ಕೆ, 4ಕೆಯಲ್ಲಿ ಹಿಡಿದಿದೆ. ಮುಂದಿನ ಸಾಲಲ್ಲಿದ್ದ ಅಳಿಯ ಭಾಗವತರನ್ನು ಫೋನ್ ಉದ್ದಕ್ಕೆ ಹಿಡಿದು ತೆಗೆದಿದ್ದಾನೆ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ಗೆ ಹಾಕಿದರೆ ಅವನ ಕ್ಲಿಪ್ಪಿನ ಎರಡೂ ಬದಿ ಕಪ್ಪು. ಅಗಲ ಮಾಡಿದರೆ ಭಾಗವತರ ಮುಖ ಊದಿಕೊಳ್ಳುತ್ತದೆ. ದೊಡ್ಡದು ಮಾಡಿದರೆ ಮುಂಡಾಸೂ ಇಲ್ಲ, ಜಾಗಟೆಯೂ ಇಲ್ಲ. ಏನು ಮಾಡಲಿ?
– ಓದುಗರು, ಡೊಂಬಿವಲಿ

ಉತ್ತರ: ಮೊದಲು ಆ ಅಗಲ ಮಾಡುವುದನ್ನು ಬಿಟ್ಟುಬಿಡಿ. ಕ್ಲಿಪ್ಪಿನ ಅಳತೆ, ಜಾಗ ಬದಲಿಸುವ ಇನ್‌ಸ್ಪೆಕ್ಟರ್‌ನಲ್ಲಿ ಝೂಮ್ ಎಕ್ಸ್, ವೈ ನಡುವೆ ಸರಪಳಿ ಗುರುತು ಇದೆಯಲ್ಲ, ಅದು ಯಾವಾಗಲೂ ಆನ್ ಇರಲಿ. ಆಗ ಅಗಲ, ಎತ್ತರ ಎರಡೂ ಒಟ್ಟಿಗೆ ಬದಲಾಗುತ್ತವೆ. ಸ್ಕೇಲಿಂಗ್‌ನಲ್ಲಿ ‘ಸ್ಟ್ರೆಚ್’ ಇದ್ದರೆ ‘ಫಿಟ್’ಗೆ ತನ್ನಿ.

ಇನ್ನು ಸ್ವಲ್ಪ ಲೆಕ್ಕ. ಕ್ಲಿಪ್ಪುಗಳನ್ನು ಜೋಡಿಸುವ ನಿಮ್ಮ ಟೈಮ್‌ಲೈನ್ 1920 x 1080 ಪಿಕ್ಸೆಲ್ ಇದೆ ಎಂದುಕೊಳ್ಳೋಣ. ಉದ್ದದ ಕ್ಲಿಪ್ ಅದರಲ್ಲಿ ಪೂರ್ತಿ ಕೂತಾಗ ಎತ್ತರ 1080, ಅಗಲ ಸುಮಾರು 608 ಪಿಕ್ಸೆಲ್ ಅಷ್ಟೇ. ಎರಡೂ ಬದಿಗೆ 656ರಂತೆ ಖಾಲಿ. ಪರದೆ ತುಂಬಬೇಕೆಂದರೆ ಝೂಮ್ 3.16 ಮಾಡಬೇಕು. ಆಗ ಚಿತ್ರದ ಎತ್ತರದಲ್ಲಿ ಮೂರನೇ ಒಂದು ಭಾಗವೂ ಉಳಿಯುವುದಿಲ್ಲ. ಮುಂಡಾಸು, ಜಾಗಟೆ ಹೋಗಿದ್ದು ಅದಕ್ಕೇ. ಯಾವ ಸಾಫ್ಟ್‌ವೇರ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ಪರದೆ ತುಂಬಿಸುವ ಆಸೆ ಬಿಟ್ಟು, ಉದ್ದದ ಚಿತ್ರಕ್ಕೆ ಉದ್ದದ ಜಾಗವನ್ನೇ ಕೊಡಿ.

ಹೀಗೆ ಮಾಡಿ ನೋಡಿ. ರಂಗದ ಕ್ಲಿಪ್ ಕೆಳಗಿನ ಟ್ರ್ಯಾಕಿನಲ್ಲಿ, ಭಾಗವತರ ಕ್ಲಿಪ್ ಮೇಲಿನ ಟ್ರ್ಯಾಕಿನಲ್ಲಿ ಇರಲಿ. ಚೆಂಡೆಯ ಒಂದು ಗಟ್ಟಿ ಪೆಟ್ಟು ಹುಡುಕಿ, ಎರಡನ್ನೂ ಅಲ್ಲಿಗೆ ಹೊಂದಿಸಿ. ಭಾಗವತರ ಕ್ಲಿಪ್ಪಿಗೆ ಪೊಸಿಷನ್ ಎಕ್ಸ್ 656 ಕೊಡಿ. ಅದು ಬಲ ಅಂಚಿಗೆ ಸರಿಯಾಗಿ ಹೋಗಿ ಕೂರುತ್ತದೆ. ರಿಸಾಲ್ವ್‌ನಲ್ಲಿ ಸೊನ್ನೆ ಎಂದರೆ ಪರದೆಯ ನಡುಮಧ್ಯ. ಅಲ್ಲಿಂದ ಬಲಕ್ಕೆ, ಮೇಲಕ್ಕೆ ಹೋದರೆ ಪ್ಲಸ್. ಎಡಕ್ಕೆ, ಕೆಳಕ್ಕೆ ಮೈನಸ್. ಈಗ ರಂಗದ ಕ್ಲಿಪ್ಪಿಗೆ ಎಕ್ಸ್ ಮೈನಸ್ 304 ಕೊಡಿ. ರಂಗದ ನಡುಭಾಗ ಉಳಿದ ಜಾಗದ ಮಧ್ಯಕ್ಕೆ ಬರುತ್ತದೆ. ವೇಷದ ಕುಣಿತ, ಭಾಗವತರ ಹಾಡು ಎರಡೂ ಒಟ್ಟಿಗೆ ಕಾಣುತ್ತವೆ, ಕಪ್ಪು ಪಟ್ಟಿ ಎಲ್ಲೂ ಇರುವುದಿಲ್ಲ. ರಂಗದ ಎರಡು ತುದಿಯಲ್ಲಿ 304 ಪಿಕ್ಸೆಲ್‌ನಷ್ಟು ಮರೆಯಾಗುತ್ತದೆ. ಅಲ್ಲಿ ತೆರೆ ಹಿಡಿದವರೋ ಮೈಕೋ ಇದ್ದರೆ ಬಿಡಿ, ನಷ್ಟವಿಲ್ಲ. ಆದರೆ ವೇಷಧಾರಿ ಅಲ್ಲಿಗೆ ಹೋಗುವ ಹೊತ್ತಿಗೆ ಮೇಲಿನ ಕ್ಲಿಪ್ಪನ್ನು ತುಂಡರಿಸಿ, ರಂಗವನ್ನು ಮತ್ತೆ ಪೂರ್ತಿ ತೋರಿಸಿ.

ಉದ್ದದ ಕ್ಲಿಪ್ಪಿನ ಹಿಂದೆ ಅದನ್ನೇ ಮಸುಕು ಮಾಡಿ ಹಾಕುವುದು ಈಗ ಎಲ್ಲೆಲ್ಲೂ ಇದೆ. ಯಕ್ಷಗಾನಕ್ಕೆ ಅದು ಬೇಡ ಎನ್ನುತ್ತೇನೆ. ವೇಷದಲ್ಲೇ ಅಷ್ಟು ಬಣ್ಣವಿದೆ. ಹಿಂದೆಯೂ ಬಣ್ಣ ಅಲುಗಾಡುತ್ತಿದ್ದರೆ ಕಣ್ಣಿಗೆ ದಣಿವು.

ನಿಮ್ಮ ರಂಗದ ಕ್ಲಿಪ್ 4ಕೆ, ಅಂದರೆ 3840 x 2160 ಆಗಿರುವುದು ದೊಡ್ಡ ಅನುಕೂಲ. 1080ರ ಟೈಮ್‌ಲೈನಿನಲ್ಲಿ ಝೂಮ್ 2.0ವರೆಗೂ ಸ್ಪಷ್ಟತೆ ಕೆಡುವುದಿಲ್ಲ. ಒಂದೇ ಕ್ಲಿಪ್ಪಿನಿಂದ ಇಡೀ ರಂಗವನ್ನೂ ತೋರಿಸಬಹುದು, ಹತ್ತಿರದ ಮುಖವನ್ನೂ ತೋರಿಸಬಹುದು. ಆದರೆ ಝೂಮ್ ಮಾಡಿದಷ್ಟೇ ಸರಿಸಲು ಜಾಗ ಸಿಗುವುದು, ನೆನಪಿಡಿ. ಝೂಮ್ 1.2 ಇದ್ದರೆ ಅಕ್ಕಪಕ್ಕ 192 ಪಿಕ್ಸೆಲ್, ಮೇಲೆ ಕೆಳಗೆ 108 ಸರಿಸಬಹುದು. ಒಂದು ಪಿಕ್ಸೆಲ್ ಜಾಸ್ತಿಯಾದರೂ ಅಂಚಲ್ಲಿ ಕಪ್ಪು ಗೆರೆ ಇಣುಕುತ್ತದೆ. ಹತ್ತಿರದ ಶಾಟ್ ಕೂರಿಸುವಾಗ ಕಣ್ಣಲ್ಲ, ಕಿರೀಟದ ತುದಿ ನೋಡಿ. ವೇಷ ಗಿರಕಿ ಹೊಡೆದಾಗ, ಹಾರಿದಾಗ ಕಿರೀಟ ಎಲ್ಲಿವರೆಗೆ ಹೋಗುತ್ತದೋ ಅಲ್ಲಿಗೆ ನಿಲ್ಲಿಸಿ ಅಳತೆ ಗಟ್ಟಿ ಮಾಡಿ. ನಿಂತ ಭಂಗಿಯಲ್ಲಿ ಸರಿ ಕಂಡ ಫ್ರೇಮ್ ಕುಣಿತದಲ್ಲಿ ಕಿರೀಟ ಕತ್ತರಿಸುತ್ತದೆ.

ಪ್ರಶ್ನೆ: ಕಾರ್ಯಕ್ರಮದ ವಿಡಿಯೊ ಅಡ್ಡಕ್ಕೆ ಮುಗಿಸಿದ್ದೇನೆ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಉದ್ದದ ತುಣುಕು ಬೇಕಂತೆ. ಮತ್ತೆ ಮೊದಲಿಂದ ಎಡಿಟ್ ಮಾಡಬೇಕಾ? ನಾನು ಬಳಸುವುದೂ ರಿಸಾಲ್ವ್.
– ಓದುಗರು, ಪುಣೆ

ಉತ್ತರ: ಬೇಡ. ಮೀಡಿಯಾ ಪೂಲ್‌ನಲ್ಲಿರುವ ಟೈಮ್‌ಲೈನಿನ ಮೇಲೆ ರೈಟ್ ಕ್ಲಿಕ್ ಮಾಡಿ ಡೂಪ್ಲಿಕೇಟ್ ತೆಗೆಯಿರಿ. ಹೊಸದರ ಸೆಟ್ಟಿಂಗ್ಸ್‌ನಲ್ಲಿ ‘ಯೂಸ್ ಪ್ರಾಜೆಕ್ಟ್ ಸೆಟ್ಟಿಂಗ್ಸ್’ ಟಿಕ್ ತೆಗೆದು 1080 x 1920 ಮಾಡಿ. ಅಲ್ಲೇ ಹೊಂದದ ಅಳತೆಯ ಕ್ಲಿಪ್ಪುಗಳಿಗೆ ‘ಸ್ಕೇಲ್ ಫುಲ್ ಫ್ರೇಮ್ ವಿತ್ ಕ್ರಾಪ್’ ಆರಿಸಿ. ಪರದೆ ತುಂಬುತ್ತದೆ. ಉಳಿದಿದ್ದು ಪೊಸಿಷನ್ ಎಕ್ಸ್ ಬದಲಿಸಿ ಮಾತಾಡುವವರನ್ನು ಮಧ್ಯಕ್ಕೆ ತರುವ ಕೆಲಸ. ಒಂದೇ ಕ್ಯಾಮೆರಾ, ಒಂದೇ ಜಾಗವಾದರೆ ಒಂದು ಕ್ಲಿಪ್ ಸರಿ ಮಾಡಿ ಕಾಪಿ ಮಾಡಿ. ಉಳಿದವನ್ನೆಲ್ಲ ಆರಿಸಿ ಆಲ್ಟ್ ಮತ್ತು ವಿ ಒತ್ತಿ, ಪೊಸಿಷನ್ ಟಿಕ್ ಮಾಡಿ. ಹೆಸರಿನ ಪಟ್ಟಿಯನ್ನು ಮಾತ್ರ ತೀರಾ ಕೆಳಗಿಡಬೇಡಿ. ಸ್ಟೇಟಸ್ ನೋಡುವಾಗ ಅಲ್ಲಿ ರಿಪ್ಲೈ ಬಟನ್ ಬರುತ್ತದೆ.